ಹತ್ತನೇ ಕ್ಲಾಸ್ ಮಗಳು, ಎರಡನೇ ಟರ್ಮಲ್ಲಿ ಎಲ್ಲಾ ಒಟ್ಟಿಗೆ ಬಂದಿದೆ, ಯಾವುದನ್ನ ಬಿಡಿಸೋದು?

ಚನ್ನಗಿರಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ದು ಚನ್ನಗಿರಿ ತಾಲೂಕಿನ ಒಂದು ಹಳ್ಳಿ. ಮಗಳು ಪಕ್ಕದೂರಿನ ಸರ್ಕಾರಿ ಹೈಸ್ಕೂಲಲ್ಲಿ ಹತ್ತನೇ ಕ್ಲಾಸು, ಮಗ ಅಲ್ಲೇ ಎಂಟನೇ ಕ್ಲಾಸು. ದಸರಾ ರಜ ಮುಗಿದು ಸ್ಕೂಲ್ ಶುರುವಾದಾಗಿಂದ ಮಗಳು ಮನೇಲಿ ನೆಟ್ಟಗೆ ಕೂತು ಉಂಡಿದ್ದೇ ಕಾಣೆ. ಬೆಳಿಗ್ಗೆ ಸ್ಪೆಷಲ್ ಕ್ಲಾಸ್ ಅಂತ ಎಂಟೂಕಾಲಿನ ಬಸ್ಸಿಗೆ ಓಡ್ತಾಳೆ, ಸಂಜೆ ಮತ್ತೆ ಸ್ಪೆಷಲ್ ಕ್ಲಾಸು, ಐದೂಮುಕ್ಕಾಲಿನ ಬಸ್ ತಪ್ಪಿದ್ರೆ ಆಮೇಲೆ ನಮ್ಮೂರಿಗೆ ಬಸ್ಸೇ ಇಲ್ಲ, ಎರಡು ಸಲ ಇವರಪ್ಪ ಬೈಕ್ ತಗೊಂಡು ಹೋಗಿ ಕರ್ಕೊಂಡು ಬಂದಿದಾರೆ.

ಇದರ ಮಧ್ಯೆ ಪ್ರತಿಭಾ ಕಾರಂಜಿ. ಜಾನಪದ ಗೀತೆಲಿ ಕ್ಲಸ್ಟರಲ್ಲೂ ಫಸ್ಟ್ ಬಂದ್ಲು, ತಾಲೂಕಲ್ಲೂ ಫಸ್ಟ್ ಬಂದ್ಲು, ಈಗ ಡಿಸೆಂಬರಲ್ಲಿ ಜಿಲ್ಲಾ ಮಟ್ಟ. ಹಾಡಿದ್ದು ನಮ್ಮತ್ತೆ ಹೇಳ್ಕೊಟ್ಟ ಬೀಸೋ ಪದ, ಅವರಿಗೆ ಈಗ ಎಪ್ಪತ್ತೆಂಟು ವರ್ಷ, ಮೊಮ್ಮಗಳು ತಾಲೂಕಲ್ಲಿ ಗೆದ್ದಳು ಅಂತ ಬೀದಿಗೆಲ್ಲ ಸಕ್ಕರೆ ಹಂಚಿದಾರೆ. ಆಮೇಲೆ ವಿಜ್ಞಾನ ಮೇಡಂ ನಾಲ್ಕು ಹುಡುಗಿಯರನ್ನ ಸೇರಿಸಿ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಅಂತ ಒಂದು ಪ್ರಾಜೆಕ್ಟ್ ಕೊಟ್ರು, ಊರಲ್ಲಿ ಯಾರ ತೋಟದ ಬೋರು ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು, ಯಾವಾಗ ನೀರು ನಿಂತಿದ್ದು ಅಂತ ಮನೆಮನೆಗೆ ಹೋಗಿ ಬರ್ಕೊಂಡು ಬರೋದು. ಭಾನುವಾರ ಎಲ್ಲಾ ಅದೇ ಆಯ್ತು. ಡಿಸೆಂಬರ್ ಕೊನೆಗೆ ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ ಟೂರು. ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಸಂವಿಧಾನ ದಿನ, ಎಲ್ಲದಕ್ಕೂ ಇವಳೇ ನಿರೂಪಣೆ. ಅದರ ಮಧ್ಯೆ ಎಫ್‌ಎ 3, ಅದೇ ಮೂರನೇ ರೂಪಣಾತ್ಮಕ ಮೌಲ್ಯಮಾಪನ.

ನಮ್ಮನೇಲಿ ಈಗ ಅಡಿಕೆ ಕೊಯ್ಲು ಬೇರೆ. ಆಳು ಸಿಕ್ತಿಲ್ಲ, ರಾತ್ರಿ ಊಟ ಆದ್ಮೇಲೆ ನಾನು, ಅತ್ತೆ, ಮಗಳು ಒಂದೆರಡು ಗಂಟೆ ಸುಲಿಯೋಕೆ ಕೂರ್ತೀವಿ, ಆಮೇಲೆ ಓದ್ತೀನಿ ಅಂತ ಪುಸ್ತಕ ಹಿಡಿದ್ರೆ ಹಂಗೇ ನಿದ್ದೆ ಹೋಗಿರ್ತಾಳೆ. ಅರ್ಧವಾರ್ಷಿಕದಲ್ಲಿ ಗಣಿತಕ್ಕೆ 80ಕ್ಕೆ 41 ಬಂದಿದೆ. ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಹಾಡು ಗೀಡು ಏನೂ ಬೇಡ, ಟೂರೂ ಬೇಡ ಅಂತ ಇವರಪ್ಪ ಹೇಳ್ತಿದಾರೆ, ಮಗಳು ಎರಡು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ. ನನಗೆ ಇಬ್ಬರ ಮಾತೂ ಸರಿ ಅನ್ಸುತ್ತೆ. ಯಾವುದನ್ನ ಬಿಡಿಸಬೇಕು ಅಂತ ತಿಳಿದೋರು ಹೇಳಿ.

ಗದಗ ಮಾಸ್ತರ

ಅಕ್ಕಾರ, ನಾ ಗದಗ ಜಿಲ್ಲೆದಾಗ ಸರ್ಕಾರಿ ಹೈಸ್ಕೂಲಿನ್ಯಾಗ ಸಮಾಜ ವಿಜ್ಞಾನ ಹೇಳ್ತೀನ್ರಿ, ಹದಿನೇಳು ವರ್ಷ ಆತು. ನೀವು ಬರದಿದ್ದು ಓದಿ ನಮ್ಮ ಸಾಲಿನೇ ಕಣ್ಣಿಗೆ ಬಂತು, ಈ ಟರ್ಮ್ ಎಲ್ಲಾ ಕಡೆ ಹಿಂಗ ಇರತೈತಿ.

ಮೊದಲ ಒಂದು ಲೆಕ್ಕಾ ಹೇಳ್ತೀನಿ, ಭಾಳ ಮಂದಿ ಪಾಲಕರಿಗೆ ಇದು ಗೊತ್ತಿರೂದಿಲ್ಲ. ಒಂದೊಂದು ಎಫ್‌ಎ 50 ಅಂಕದ್ದು. ಅದರಾಗ ಬರವಣಿಗಿ ಪರೀಕ್ಷಾಕ್ಕ ಬರೇ 20, ಉಳಿದ 30 ಎರಡು ಚಟುವಟಿಕಿಗೆ, 15 ಮತ್ತ 15. ವರ್ಷದಾಗ ನಾಕು ಎಫ್‌ಎ ಅಂದ್ರ 200, ಅದನ್ನ 20ಕ್ಕ ಇಳಿಸಿ ಆಂತರಿಕ ಅಂಕ ಅಂತ ಹಾಕ್ತೇವಿ, ಪ್ರಥಮ ಭಾಷಾಕ್ಕ ಮಾತ್ರ 25ಕ್ಕ ಇಳಿಸ್ತೇವಿ. ಐದು ವಿಷಯದ್ದು ನೂರು, ಪ್ರಥಮ ಭಾಷಾದ್ದು 25, ಅಂದ್ರ 625ರಾಗ 125 ಅಂಕ ಹಾಲ್ ಟಿಕೆಟ್ ಕೈಗೆ ಬರೂದಕ್ಕಿಂತ ಮೊದಲ ನಿಕ್ಕಿ ಆಗಿರತಾವು.

ಈಗ ನಿಮ್ಮ ಮಗಳು ಮಾಡಾಕತ್ತಿದ್ದು ನೋಡ್ರಿ. ಬೋರವೆಲ್ ಸರ್ವೇ ಮಾಡ್ಯಾಳ, ಅದನ್ನ ಒಂದು ನಾಕು ಪುಟ ವರದಿ ಬರದು, ಒಂದು ಸ್ತಂಭಾಲೇಖ ಹಾಕಿ ಕೊಟ್ರ ವಿಜ್ಞಾನದಾಗ ಒಂದು ಚಟುವಟಿಕಿ ಆತು. ಅಜ್ಜಿ ಕಡಿಂದ ಕಲತ ಬೀಸೂ ಪದಗೋಳನ್ನ ಸಂಗ್ರಹ ಮಾಡಿ ಬರದ್ರ ಕನ್ನಡದಾಗ ಒಂದು ಆತು. ಟೂರಿನ ವರದಿ ಸಮಾಜಕ್ಕ ಬರತೈತಿ. ಹಿಂಗ ಮಾಡಿದ್ದನ್ನ ಬಿಟ್ಟು ಮತ್ತ ಎಫ್‌ಎಕ್ಕ ಅಂತ ಹೊಸಾ ಚಾರ್ಟ್ ಬರೀರಿ, ಮಾಡೆಲ್ ತರ್ರಿ ಅಂತ ಹೇಳೂದು ನಮ್ಮ ಶಿಕ್ಷಕರದ ತಪ್ಪು, ನಾನೂ ಮೊದಲ ಹಂಗ ಮಾಡೇನಿ. ಒಂದೊಂದು ವಿಷಯದವರು ಒಂದೊಂದು ಕೇಳಿದ್ರ ಹುಡುಗಿ ರಾತ್ರಿ ಥರ್ಮಾಕೋಲ್ ಕತ್ತರಿಸ್ಕೋತ ಕುಂದರತಾಳ. ನೀವು ಒಂದಿನ ಸಾಲಿಗೆ ಹೋಗಿ ಕ್ಲಾಸ್ ಟೀಚರಿಗೆ ನೇರ ಕೇಳ್ರಿ, ಸರ ಇಕೀ ಮಾಡಿದ್ದನ್ನ ಚಟುವಟಿಕಿ ಅಂತ ಹಿಡೀತೀರೇನು ಅಂತ. ಯಾರೂ ಇಲ್ಲ ಅನ್ನೂದಿಲ್ಲ.

ಟೂರ್ ಮಾತ್ರ ತಪ್ಪಸಬ್ಯಾಡ್ರಿ ಅಕ್ಕಾರ, ಕೈಮುಗದು ಹೇಳ್ತೀನಿ. ಐಹೊಳಿ ಮೇಗುತಿ ಗುಡಿ ಗ್ವಾಡಿ ಮ್ಯಾಲ ರವಿಕೀರ್ತಿ ಬರದ ಶಾಸನ ಐತಿ, 634ನೇ ಇಸ್ವಿದು, ಇಮ್ಮಡಿ ಪುಲಿಕೇಶಿ ಹರ್ಷನ್ನ ಸೋಲಿಸಿದ್ದು ಅದರಾಗ ಐತಿ. ನಾ ಕ್ಲಾಸಿನ್ಯಾಗ ಎಷ್ಟು ಸಲ ಹೇಳಿದ್ರೂ ಮರೀತಾರ, ಆದ್ರ ಆ ಗುಡ್ಡಾ ಏರಿ ಏದುಸಿರು ಬಿಟ್ಟು ಆ ಕಲ್ಲಿನ ಮುಂದ ನಿಂತ ಹುಡುಗ್ರು ಯಾರೂ ಮರತಿಲ್ಲ. ಬಾದಾಮಿಯೊಳಗ ಕಪ್ಪೆ ಅರಭಟ್ಟನ ಶಾಸನ ಐತಿ, "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಬರತೈತಲ್ರಿ ಅದು, ತ್ರಿಪದಿ ಅದು. ನಿಮ್ಮ ಮಗಳು ಹಾಡೂ ಬೀಸೂ ಪದಾನೂ ತ್ರಿಪದಿನ ಇರಬೇಕು, ಬೀಸೂ ಪದ ಹೆಚ್ಚಿನಂಶ ಮೂರ ಸಾಲಿನ್ವು. ಸಾವಿರದ ಮುನ್ನೂರ ವರ್ಷದ ಹಿಂದ ಕಲ್ಲಿನ ಮ್ಯಾಲ ಕೆತ್ತಿದ್ದ ಮಟ್ಟು ನಿಮ್ಮ ಅತ್ತಿಯವರ ಬಾಯಾಗ ಇನ್ನೂ ಐತಿ ಅಂತ ಆ ಹುಡುಗಿಗೆ ಅಲ್ಲಿ ನಿಂತಾಗ ಗೊತ್ತಾಗ್ಲಿ, ಅದಕ್ಕಿಂತ ದೊಡ್ಡ ಪಾಠ ನಾವೇನು ಹೇಳ್ತೇವ್ರಿ?

ಗಣಿತಕ್ಕ 41 ಅಂದ್ರ ಹೆದರೂ ಅಂಕ ಅಲ್ಲ. ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ, ರೇಖಾತ್ಮಕ ಸಮೀಕರಣದ ನಕ್ಷೆ, ಥೇಲ್ಸ್ ಪ್ರಮೇಯ ಇಷ್ಟು ಗಟ್ಟಿ ಮಾಡ್ಕೊಂಡ್ರ ಪ್ರಿಪರೇಟರಿ ಹೊತ್ತಿಗೆ ಮ್ಯಾಲ ಬರತಾಳ.

ಮಂಡ್ಯದಿಂದ ಒಬ್ಬ ಅಪ್ಪ

ಮೇಷ್ಟ್ರು ಹೇಳಿದ್ದು ಒಪ್ಕೊತೀನಿ ಆದ್ರೆ ಪೂರ್ತಿ ಅಲ್ಲ. ನಮ್ಮ ಹುಡುಗಂದು ಹೋದ ವರ್ಷ ಹತ್ತನೇದು, ಕಬಡ್ಡಿ ಆಡ್ತಿದ್ದ, ತಾಲೂಕು ಆಯ್ತು ಜಿಲ್ಲೆ ಆಯ್ತು, ಅದು ಮುಗೀತು ಅನ್ನೋಷ್ಟರಲ್ಲಿ ಪ್ರತಿಭಾ ಕಾರಂಜಿ ಕವ್ವಾಲಿ ಟೀಮಲ್ಲಿ ಒಬ್ಬ ಕಮ್ಮಿ ಅಂತ ಇವನ್ನೇ ಹಾಕಿದ್ರು, ಟೂರಿಂದ ಬಂದವನಿಗೆ ಜ್ವರ ಹಿಡ್ಕೊಂಡು ಹನ್ನೆರಡು ದಿನ ಮಲಗಿಬಿಟ್ಟ. ಮೊದಲನೇ ಪ್ರಿಪರೇಟರಿಲಿ ಎಲ್ಲಾ ಬಿದ್ದೋಯ್ತು. ನಾನು ಅವತ್ತು ಬಯ್ದಿದ್ದು ಇವತ್ತಿಗೂ ಬೇಜಾರಾಗುತ್ತೆ, ಯಾಕಂದ್ರೆ ತಪ್ಪು ಅವನದಲ್ಲ, ಒಂದ್ ಮಗು ಚೆನ್ನಾಗಿ ಮಾಡುತ್ತೆ ಅಂದ್ರೆ ಸ್ಕೂಲಲ್ಲಿ ಎಲ್ಲದಕ್ಕೂ ಅದನ್ನೇ ಕರೀತಾರೆ, ಬಾಕಿ ನಲವತ್ತು ಮಕ್ಕಳು ಕೂತು ನೋಡ್ತಾರೆ.

ಅದಕ್ಕೇ ಅಕ್ಕ, ಹಾಡು ಇರ್ಲಿ, ಟೂರ್ ಇರ್ಲಿ, ನಿರೂಪಣೆ ಬಿಡಿಸಿ. ಮೈಕ್ ಹಿಡಿಯೋ ಚಾನ್ಸು ಒಂಬತ್ತನೇ ಕ್ಲಾಸಿನ ಯಾವುದಾದ್ರೂ ಮಗುಗೆ ಸಿಗ್ಲಿ. ಜಿಲ್ಲೇಲಿ ಗೆದ್ದು ರಾಜ್ಯಮಟ್ಟಕ್ಕೆ ಹೋಗೋ ಹಂಗಾದ್ರೆ ಆಗ ಮತ್ತೆ ಕೂತು ಯೋಚನೆ ಮಾಡಿ, ಈಗಲೇ ತಲೆ ಕೆಡಿಸ್ಕೊಬೇಡಿ.

ಇನ್ನೊಂದು. 2024ರಲ್ಲಿ ಪರೀಕ್ಷೆ 1, 2, 3 ಅಂತ ಶುರು ಮಾಡಿದ್ರಲ್ಲ, ಯಾವುದರಲ್ಲಿ ಜಾಸ್ತಿ ಬರುತ್ತೋ ಅದೇ ಉಳಿಯುತ್ತೆ. ನಮ್ಮ ಹುಡುಗ ಪರೀಕ್ಷೆ 2ರಲ್ಲಿ ಗಣಿತ ಮತ್ತೆ ಬರೆದು ಹದಿನಾಲ್ಕು ಮಾರ್ಕ್ಸ್ ಜಾಸ್ತಿ ತಗೊಂಡ. ಒಳ್ಳೇದೇ. ಆದ್ರೆ ಹೆಂಗೂ ಇನ್ನೊಂದು ಸಲ ಬರೀಬಹುದಲ್ಲ ಅಂತ ಮಗಳಿಗೆ ಈಗ ಹೇಳಬೇಡಿ, ಅತ್ತ ಬೇರೆ ಮಕ್ಕಳೆಲ್ಲ ಪಿಯುಸಿ ಅಡ್ಮಿಶನ್ನಿಗೆ ಓಡಾಡ್ತಿರ್ತಾರೆ, ಇತ್ತ ನಮ್ಮ ಮಕ್ಕಳು ಮತ್ತೆ ಅದೇ ಪುಸ್ತಕ ಹಿಡ್ಕೊಂಡು ಕೂರಬೇಕು, ಅದು ತುಂಬಾ ಕಷ್ಟ.

ಸೆಕೆಂಡ್ ಪಿಯು ಹುಡುಗಿ

ಆಂಟಿ, ನಾನು ಶಿವಮೊಗ್ಗದಲ್ಲಿ ಹಾಸ್ಟೆಲಲ್ಲಿದ್ದು ಪಿಯು ಓದ್ತಿದೀನಿ, ನಮ್ಮೂರು ನಿಮ್ಮ ಕಡೆನೇ. ನೀವು ಬರೆದಿದ್ದನ್ನ ಮೂರು ಸಲ ಓದಿದೆ. ಹಾಡು ಬಿಡಿಸೋದಾ, ಟೂರ್ ಬಿಡಿಸೋದಾ ಅಂತ ಕೇಳಿದೀರಿ, ಎಲ್ಲರೂ ಅದಕ್ಕೇ ಉತ್ತರ ಹೇಳ್ತಿದಾರೆ. ರಾತ್ರಿ ಎರಡು ಗಂಟೆ ಅಡಿಕೆ ಸುಲಿಯೋಕೆ ಕೂರ್ತಾಳೆ ಅಂತ ನೀವೇ ಬರೆದಿದೀರಲ್ಲ ಆಂಟಿ, ಮೊದಲು ಅದನ್ನ ಬಿಡಿಸಿ. ಸುಲಿಯೋಕೆ ಕೂತವರಲ್ಲಿ ನೀವು, ಅಜ್ಜಿ, ಅಕ್ಕ ಇದೀರಿ. ತಮ್ಮನ ಹೆಸರಿಲ್ಲ.

ಕೋಪ ಮಾಡ್ಕೊಬೇಡಿ. ನಮ್ಮನೇಲೂ ಹಿಂಗೇ ಇತ್ತು. ಸುಲಿಯೋ ಕತ್ತಿ ಮುಂದೆ ಕೂತು ಎದ್ದ ಮೇಲೆ ಬೆರಳೆಲ್ಲ ಕಪ್ಪಾಗಿ ಒಗರು ಹಿಡಿದಿರುತ್ತೆ, ಬೆನ್ನು ನೋಯ್ತಿರುತ್ತೆ, ಆಮೇಲೆ ಗಣಿತ ತಲೆಗೆ ಹತ್ತೋದೇ ಇಲ್ಲ. ನಮ್ಮ ಸ್ಕೂಲಲ್ಲಿ ಒಬ್ಬೊಬ್ಬ ಟೀಚರ್ ಐದೈದು ಮಕ್ಕಳನ್ನ ದತ್ತು ಅಂತ ತಗೊಂಡು ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸ್ತಿದ್ರು, ವೇಕಪ್ ಕಾಲ್ ಅಂತಿದ್ವಿ. ನಾನು ಫೋನ್ ಎತ್ತಿ ಎದ್ದಿದೀನಿ ಮಿಸ್ ಅಂತ ಹೇಳಿ ಮತ್ತೆ ಮಲಗ್ತಿದ್ದೆ, ಹನ್ನೆರಡಕ್ಕೆ ಮಲಗಿದೋಳು ಐದಕ್ಕೆ ಹೆಂಗೆ ಏಳ್ಲಿ. ಒಂದಿನ ಮಿಸ್ ಮನೆ ಭೇಟಿಗೆ ಬಂದಾಗ ನನ್ನ ಕೈ ನೋಡಿ ಎಲ್ಲಾ ಗೊತ್ತಾಗಿ ನಮ್ಮಪ್ಪನ ಹತ್ರ ಕೂತು ಮಾತಾಡಿದ್ರು. ಆಮೇಲೆ ಹತ್ತು ಗಂಟೆಗೆ ಮಲಗಿ ಐದಕ್ಕೆ ಏಳೋ ಹಂಗಾಯ್ತು, ಬೆಳಿಗ್ಗೆ ಒಂದೂವರೆ ಗಂಟೆ ಬರೀ ಗಣಿತ, ಬರೆದು ಬರೆದು ಮಾಡೋದು. ಬಸ್ಸಲ್ಲಿ ವಿಜ್ಞಾನದ ವ್ಯಾಖ್ಯೆ, ಸಮಾಜದ ಇಸವಿಗಳು. ನನಗೆ ಅಷ್ಟೇ ಸಾಕಾಯ್ತು.

ಮತ್ತೆ ಟೂರು. ನಮ್ಮಪ್ಪ ಕಳಿಸಲಿಲ್ಲ. ದುಡ್ಡಿರಲಿಲ್ಲ ಅಂತಲ್ಲ, ಓದು ಹಾಳಾಗುತ್ತೆ ಅಂತ. ಆ ನಾಲ್ಕು ದಿನ ನಾನೇನು ಓದಿದೆ ಅಂತ ಈಗ ಕೇಳಿದ್ರೆ ಒಂದೂ ನೆನಪಿಲ್ಲ, ಸ್ಕೂಲ್ ಹತ್ರ ಬೆಳಗಿನ ಜಾವ ಬಸ್ಸು ಹೊರಟಿದ್ದು ಫ್ರೆಂಡ್ಸೆಲ್ಲ ವಾಟ್ಸಾಪಲ್ಲಿ ಹಾಕಿದ ಫೋಟೋ ಮಾತ್ರ ನೆನಪಿದೆ. ಆ ಹುಡುಗಿಯರಲ್ಲಿ ಇಬ್ಬರಿಗೆ ಈಗ ಮದುವೆ ಆಗಿದೆ, ಇನ್ನು ಅವರ ಜೊತೆ ಎಲ್ಲಿಗೂ ಹೋಗೋಕಾಗಲ್ಲ.

ಚನ್ನಗಿರಿ ಅಮ್ಮ

ಮಗಳೇ, ನಿನ್ನ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟು ಸುಮ್ನೆ ಕೂತಿದ್ದೆ. ಕೋಪ ಏನಿಲ್ಲ. ನಾನೂ ಹತ್ತನೇ ಕ್ಲಾಸಲ್ಲಿ ಹಿಂಗೇ ಸುಲಿದೋಳು, ಅದೊಂದು ಕೆಲಸ ಅಂತಾನೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ರಾತ್ರಿ ಇವರಿಗೆ ಇಲ್ಲಿ ಬಂದಿದ್ದನ್ನೆಲ್ಲ ಓದಿ ಹೇಳಿದೆ. ಗದಗದ ಸರ್ ಹೇಳಿದ 125 ಅಂಕದ ಲೆಕ್ಕ ಕೇಳಿ ಅವರೇ ಸ್ಕೂಲಿಗೆ ಬರ್ತೀನಿ ಅಂದ್ರು, ನಿನ್ನೆ ಇಬ್ಬರೂ ಹೋಗಿದ್ವಿ. ಹೆಡ್‌ಮಾಸ್ಟರ್ ಕೂರಿಸಿ ಮಾತಾಡಿದ್ರು. ಬೋರ್‌ವೆಲ್ ವರದಿನ ವಿಜ್ಞಾನಕ್ಕೂ ಬೀಸೋ ಪದದ ಸಂಗ್ರಹನ ಕನ್ನಡಕ್ಕೂ ಹಿಡೀತೀವಿ ಅಂತ ಟೀಚರ್‌ಗಳು ಒಪ್ಪಿದ್ರು. ನಿರೂಪಣೆ ಒಂಬತ್ತನೇ ಕ್ಲಾಸಿನ ಇಬ್ಬರಿಗೆ ಕೊಡ್ತಾರಂತೆ. ನಮ್ಮ ಕಡೆ ಬಸ್ಸಿನ ಮಕ್ಕಳು ಏಳು ಜನ ಇದಾರೆ, ಅವರಿಗೆ ಸಂಜೆ ಕ್ಲಾಸ್ ಐದೂವರೆಗೇ ಬಿಡಬೇಕು ಅಂತ ಕೇಳಿದ್ವಿ, ಆಯ್ತು ಅಂದಿದಾರೆ. ಅಡಿಕೆನ ಈ ಸಲ ಮಷಿನ್ನಿಗೆ ಹಾಕಿಸೋಣ ಅಂತ ಇವರೇ ಹೇಳಿದ್ರು, ಉಳಿದಿದ್ದನ್ನ ನಾವಿಬ್ಬರು ನೋಡ್ಕೊತೀವಿ. ಮಗನ್ನ ಸುಲಿಯೋಕೆ ಕೂರಿಸೋಣ ಅಂದ್ರೆ ಅವನಿಗೆ ಎನ್‌ಎಂಎಂಎಸ್ ಅಂತ ಸ್ಕಾಲರ್‌ಶಿಪ್ ಪರೀಕ್ಷೆ ಇದೆಯಂತೆ, ಅದು ಓದಿಸಲೇಬೇಕಾದ್ದಾ ಸರ್? ಆಮೇಲೆ ಟೂರಿಗೆ ಹೋಗ್ತಿದಾಳೆ, ನಿಮ್ಮ ಕಡೆ ಡಿಸೆಂಬರಲ್ಲಿ ಚಳಿ ಹೆಂಗಿರುತ್ತೆ?

ಗದಗ ಮಾಸ್ತರ

ಎನ್‌ಎಂಎಂಎಸ್ ಓದಸಲೇಬೇಕ್ರಿ ಅಕ್ಕಾರ. ಪಾಸಾಗಿ ಆಯ್ಕೆ ಆದ್ರ ಒಂಬತ್ತರಿಂದ ಹನ್ನೆರಡನೇ ತನಕ ವರ್ಷಕ್ಕ 12,000 ರೂಪಾಯಿ ನೇರ ಹುಡುಗನ ಖಾತೆಕ್ಕ ಬರತೈತಿ. ಮನಿ ವಾರ್ಷಿಕ ಆದಾಯ ಮೂರೂವರಿ ಲಕ್ಷದ ಒಳಗಿರಬೇಕು, ಆದಾಯ ಪ್ರಮಾಣಪತ್ರ ಈಗ ತಗದು ಇಟ್ಕೋರ್ರಿ, ಕಡೀಗಳಿಗಿ ಒಳಗ ಓಡ್ಯಾಡೂದು ಬ್ಯಾಡ. ಎರಡು ಪತ್ರಿಕಿ, ಮ್ಯಾಟ್ ಮತ್ತ ಸ್ಯಾಟ್, ತಲಾ 90 ಪ್ರಶ್ನೆ. ಸ್ಯಾಟ್ ಅಂದ್ರ ಸಾಲಿ ಪಾಠದ ಪ್ರಶ್ನೆಗೋಳು. ಮ್ಯಾಟ್ ಅಂದ್ರ ತರ್ಕದ ಪ್ರಶ್ನೆಗೋಳು, ಸಂಖ್ಯಾ ಸರಣಿ, ಚಿತ್ರದ ಸರಣಿ, ಅದನ್ನ ಅಕ್ಕ ದಿನಾ ಅರ್ಧ ತಾಸು ಕುಂದರಸ್ಕೊಂಡು ಮಾಡಿಸಿದ್ರ ಅಕೀ ತಲೀನೂ ಗಣಿತಕ್ಕ ಚುರುಕಾಗತೈತಿ. ಆದ್ರ ಪರೀಕ್ಷಾ ಐತಿ ಅಂತ ಹೇಳಿ ಹುಡುಗನ್ನ ಮನಿಗೆಲಸದಿಂದ ಪೂರ್ತಿ ಬಿಡಬ್ಯಾಡ್ರಿ, ಆಯಿತವಾರ ಒಂದು ತಾಸು ಅವ್ವಗ ಕೈ ಜೋಡಸಲಿ.

ಚಳಿ ಹಗಲ ಇರೂದಿಲ್ಲ, ಬಂಡೆ ಕಾದು ಬಿಸಿಲ ಬಡೀತೈತಿ, ಟೊಪಿಗಿ ಮತ್ತ ನೀರಿನ ಬಾಟ್ಲಿ ಕೊಡ್ರಿ. ರಾತ್ರಿ ಮಾತ್ರ ಸ್ವೆಟರ್ ಬೇಕು, ಮಕ್ಕಳು ಹೆಚ್ಚಾಗಿ ಸಾಲಿ ಇಲ್ಲಾ ಛತ್ರದ ನೆಲದ ಮ್ಯಾಲ ಮಲಗತಾರ, ಒಂದು ದಪ್ಪನ ಚಾದರ್ ಹಾಕಿ ಕಳಸ್ರಿ. ಬಾದಾಮಿ ಗವಿಯೊಳಗ ದನಿ ಭಾಳ ಚೊಲೊ ತಿರುಗತೈತಿ, ಅಜ್ಜಿ ಪದ ಒಂದು ಸಲ ಅಲ್ಲಿ ಹಾಡು ಅಂತ ನಿಮ್ಮ ಮಗಳಿಗೆ ನಾ ಹೇಳೀನಿ ಅಂತ ಹೇಳ್ರಿ.