ತೋಟದ ಮನೆಯ ದಾರಿಗೆ ಡಾಂಬರು: ಕೆಂಪು ಮಣ್ಣಿನ ಮೇಲೆ ನೇರವಾಗಿ ಹಾಕಿಸಬಹುದೇ?

ಪ್ರಶ್ನೆ: ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಪಂಚಾಯಿತಿ ರಸ್ತೆಯಿಂದ ನಮ್ಮ ಮನೆಯ ಅಂಗಳದವರೆಗೆ ಸುಮಾರು 70 ಮೀಟರ್ ಉದ್ದ, 10 ಅಡಿ ಅಗಲದ ದಾರಿಯಿದೆ. ಮೊದಲ 50 ಮೀಟರ್ ಹೆಚ್ಚುಕಡಿಮೆ ಮಟ್ಟಸವಾಗಿದ್ದು, ಉಳಿದ 20 ಮೀಟರ್ ಮನೆಯತ್ತ ಕಡಿದಾಗಿ ಇಳಿಯುತ್ತದೆ. ಒಂದು ಪಕ್ಕದಲ್ಲಿ ಆಳೆತ್ತರದ ಧರೆ, ಇನ್ನೊಂದು ಪಕ್ಕದಲ್ಲಿ ಅಡಿಕೆ ತೋಟ. ಈಗಿರುವುದು ಬರೀ ಕೆಂಪು ಮಣ್ಣು. ಅಲ್ಲಲ್ಲಿ ಜಂಬಿಟ್ಟಿಗೆಯ ಚೂರು ಹಾಕಿಸಿದ್ದೇವೆ. ಮಳೆಗಾಲದಲ್ಲಿ ಕಾರನ್ನು ರಸ್ತೆಬದಿಯಲ್ಲೇ ಬಿಟ್ಟು ಕೊಡೆ ಹಿಡಿದು ನಡೆದು ಬರುವುದು ನಮಗೆ ರೂಢಿಯೇ ಆಗಿತ್ತು. ಆದರೆ ತಂದೆಯವರಿಗೆ ಎಂಬತ್ತು ದಾಟಿರುವುದರಿಂದ ಇನ್ನು ಅದು ಸಾಧ್ಯವಿಲ್ಲ.

ಹತ್ತಿರದಲ್ಲಿ ರಸ್ತೆ ಕೆಲಸ ಮಾಡಿಸುತ್ತಿರುವ ಗುತ್ತಿಗೆದಾರರೊಬ್ಬರು, ಸಂಜೆ ಉಳಿಯುವ ಮಾಲನ್ನು ತಂದು ಒಂದು ಇಂಚು ದಪ್ಪಕ್ಕೆ ಹಾಸಿ ರೋಲರ್ ಹೊಡೆಸಿಕೊಡುವುದಾಗಿ ಹೇಳುತ್ತಿದ್ದಾರೆ. ನೆಲ ಗಟ್ಟಿಯಿರುವುದರಿಂದ ಕೆಳಗೆ ಜಲ್ಲಿ ಬೇಡ ಎನ್ನುವುದು ಅವರ ಅಭಿಪ್ರಾಯ. ದರವೂ ಕಡಿಮೆಯೇ ಇದೆ. ಒಪ್ಪಿಕೊಳ್ಳಬಹುದೇ ಅಥವಾ ಪೂರ್ತಿ ಕಾಂಕ್ರೀಟ್ ಮಾಡಿಸುವುದು ಮೇಲೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ರಸ್ತೆ ಕೆಲಸದಲ್ಲಿದ್ದವನು, ಸಾಗರ

ನಿಮ್ಮ ನೆಲ ಗಟ್ಟಿಯಿದೆ ಎಂದವರು ಅದನ್ನು ಬೇಸಿಗೆಯಲ್ಲಿ ನೋಡಿದ್ದಾರೆ, ಪುಷ್ಯ ಮಳೆಯಲ್ಲಿ ನೋಡಿಲ್ಲ. ಈಗ ಪಿಕಾಸಿಗೂ ಜಗ್ಗದ ಅದೇ ಮಣ್ಣು, ಧರೆಯ ಬುಡದಲ್ಲಿ ಜಲ ಎದ್ದ ಮೇಲೆ ಹೆಬ್ಬೆರಳಿಗೆ ತಗ್ಗುತ್ತದೆ. ಒಂದು ಇಂಚಿನ ಡಾಂಬರು ತಾನಾಗಿ ಭಾರ ಹೊರುವುದಿಲ್ಲ. ಚಕ್ರದ ಭಾರವನ್ನು ಅದು ಜಲ್ಲಿಗೆ ದಾಟಿಸುತ್ತದೆ, ಜಲ್ಲಿ ಅದನ್ನು ಹರಡಿ ಮಣ್ಣಿಗೆ ಇಳಿಸುತ್ತದೆ. ನಡುವೆ ಜಲ್ಲಿಯೇ ಇಲ್ಲದಿದ್ದರೆ ಮೊದಲ ಮಳೆಗಾಲದಲ್ಲೇ ಮೇಲ್ಪದರ ಸಣ್ಣ ಸಣ್ಣ ಚೂರುಗಳಾಗಿ ಬಿರಿದು, ಕಾರು ಹಾದಾಗಲೆಲ್ಲ ಬಿರುಕಿನಿಂದ ಕೆಂಪು ಕೆಸರು ಚಿಮ್ಮುವುದನ್ನು ನೀವೇ ನೋಡುತ್ತೀರಿ.

ಆದ್ದರಿಂದ ಮೊದಲ ಖರ್ಚು ಬಸಿಗಾಲುವೆಗೆ ಆಗಬೇಕು. ಧರೆಯ ಬುಡದುದ್ದಕ್ಕೂ ಕನಿಷ್ಠ ಎರಡು ಅಡಿ ಆಳದ ಕಾಲುವೆ ತೆಗೆಸಿ, ನೀರು ದಾರಿಯನ್ನು ದಾಟಲೇಬೇಕಾದ ಕಡೆ ಪೈಪಿನ ಮೋರಿ ಇಡಿಸಿ. ಆಮೇಲೆ ಮೇಲಿನ ಸಡಿಲ ಮಣ್ಣನ್ನು ಕೆರೆಸಿ, ಗ್ರಾವೆಲ್ (ಕಲ್ಲುಚೂರು ಬೆರೆತ ಮಣ್ಣು) ಹಾಸಿ, ಅದರ ಮೇಲೆ ಜಲ್ಲಿಯನ್ನು 75 ಮಿಲಿಮೀಟರಿನ ಎರಡು ಪದರಗಳಲ್ಲಿ, ಪ್ರತಿ ಪದರಕ್ಕೂ ನೀರು ಕೊಟ್ಟು ಬೇರೆ ಬೇರೆಯಾಗಿ ರೋಲರ್ ಹೊಡೆಸಬೇಕು. ಎರಡನ್ನೂ ಒಟ್ಟಿಗೆ ಸುರಿದು ಒಂದೇ ಸಲ ಹೊಡೆದರೆ ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ಪೊಳ್ಳು ಉಳಿಯುತ್ತದೆ. ದಾರಿಯ ಓಟ (ಅಡ್ಡ ಇಳಿಜಾರು) ಧರೆಯ ಕಡೆಗೆ, ಎಂದರೆ ಕಾಲುವೆಯ ಕಡೆಗೆ ಇರಲಿ. 10 ಅಡಿ ಅಗಲಕ್ಕೆ ಎರಡೂವರೆಯಿಂದ ಮೂರು ಇಂಚು ಸಾಕು. ತೋಟದ ಕಡೆಯ ಅಂಚಿಗೆ ಒಂದು ಸಾಲು ಜಂಬಿಟ್ಟಿಗೆ ಹೂತು ಆಸರೆ ಕೊಡದಿದ್ದರೆ ಡಾಂಬರು ಅಲ್ಲಿಂದಲೇ ಮುರಿಯತೊಡಗುತ್ತದೆ.

ಜಲ್ಲಿಯ ಮೇಲೆ ಪ್ರೈಮ್ ಕೋಟ್, ಎಂದರೆ ಡಾಂಬರು ಹಾಸುವ ಮೊದಲು ಸಿಂಪಡಿಸುವ ತೆಳು ಲೇಪ, ಹಾಕಿಸುವುದನ್ನು ತಪ್ಪಿಸಬೇಡಿ. ಇದಕ್ಕೆ ಬಳಸುವ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಸಿಂಪಡಿಸುವಾಗ ಕಾಫಿ ಡಿಕಾಕ್ಷನ್ನಿನಂತೆ ಕಂದಾಗಿದ್ದು, ನೀರು ಬೇರ್ಪಟ್ಟ ಮೇಲೆ ಕಪ್ಪಾಗುತ್ತದೆ. ಕಂದು ಇರುವಾಗಲೇ ಮಳೆ ಬಿದ್ದರೆ ಅದು ಕಾಲುವೆಗೆ ಹರಿದುಹೋದಂತೆಯೇ. ಒಂದು ದಿನವಾದರೂ ಆರಲು ಬಿಟ್ಟು ಮುಂದಿನ ಕೆಲಸ ಮಾಡಿಸಿ. ಕೇವಲ 20 ಮಿಲಿಮೀಟರಿನ ಪ್ರಿಮಿಕ್ಸ್ ಕಾರ್ಪೆಟ್ (ಡಾಂಬರು ಬೆರೆಸಿದ ಸಣ್ಣ ಜಲ್ಲಿಯ ತೆಳು ಪದರ) ಹಾಕಿಸುವುದಾದರೆ ಮೇಲೆ ಸಂದು ಮುಚ್ಚುವ ಸೀಲ್ ಕೋಟ್ ಇರಲೇಬೇಕು. ಆ ಪದರದಲ್ಲಿ ಸಂದುಗಳು ಹೆಚ್ಚು; ಸಂದಿನಲ್ಲಿ ನಿಂತ ನೀರು ಕಲ್ಲಿಗೂ ಡಾಂಬರಿಗೂ ನಡುವೆ ನುಸುಳಿ ಡಾಂಬರನ್ನು ಕಲ್ಲಿನಿಂದ ಬಿಡಿಸುತ್ತದೆ. ವಾರಗಟ್ಟಲೆ ಬಿಡದೆ ಸುರಿಯುವ ನಮ್ಮ ಮಳೆಯಲ್ಲಿ ಇದು ಬಯಲುಸೀಮೆಗಿಂತ ಬಹಳ ಬೇಗ ಆಗುತ್ತದೆ.

ಕಡಿದಾದ 20 ಮೀಟರಿಗೆ ಮಾತ್ರ ಕಾಂಕ್ರೀಟ್ ಹಾಕಿಸಿ, ಹಸಿ ಇರುವಾಗಲೇ ಅಡ್ಡಡ್ಡ ಗೀರು ಎಳೆಸಿ. ಅಂಥ ಇಳಿಜಾರಿನಲ್ಲಿ ರೋಲರ್ ಬಿಸಿ ಮಾಲನ್ನು ಒತ್ತುವುದಕ್ಕಿಂತ ಕೆಳಕ್ಕೆ ತಳ್ಳುವುದೇ ಹೆಚ್ಚು. ತೋಟದ ನೆರಳಿನಲ್ಲಿ ಹಾವಸೆ ಕಟ್ಟಿದಾಗಲೂ ಗೀರು ಇದ್ದರೆ ಕಾಲಿಗೂ ಚಕ್ರಕ್ಕೂ ಹಿಡಿತ ಸಿಗುತ್ತದೆ.

ಉತ್ತರ: ಮಂಟಪದ ಮೇನೇಜರ್, ಶಿವಮೊಗ್ಗ

ಮೇಲಿನವರು ಹೇಳಿದ್ದೆಲ್ಲ ಸರಿ. ಹಾಕಿಸಿದ ಮೇಲಿನ ಕಥೆಯನ್ನು ನಾನು ಹೇಳುತ್ತೇನೆ. ನಗರದ ಹೊರವಲಯದ ಕಲ್ಯಾಣ ಮಂಟಪವೊಂದರ ಉಸ್ತುವಾರಿ ನನ್ನದು. ವಾಹನ ನಿಲ್ಲಿಸುವ ಜಾಗಕ್ಕೆ ಜಲ್ಲಿ, ಪ್ರೈಮ್ ಕೋಟ್ ಎಲ್ಲವನ್ನೂ ಕ್ರಮವಾಗಿ ಮಾಡಿಸಿ ಎರಡು ಇಂಚು ಡಾಂಬರು ಹಾಕಿಸಿದೆವು. ಮೂರನೆಯ ಮದುವೆಗೆ ಬಂದ ಶಾಮಿಯಾನದವರು ಅದರ ಮೇಲೆಯೇ ಒಂದೂವರೆ ಅಡಿ ಉದ್ದದ ಕಬ್ಬಿಣದ ಗೂಟಗಳನ್ನು ಸುತ್ತಿಗೆಯಿಂದ ಹೊಡೆದರು. ಊಟದ ಗಡಿಬಿಡಿಯಲ್ಲಿ ನಾನದನ್ನು ನೋಡಲೇ ಇಲ್ಲ. ಗೂಟ ಕಿತ್ತ ಮೇಲೆ ಉಳಿದದ್ದು ಬರೀ ಬೆರಳು ತೂರುವಷ್ಟು ತೂತುಗಳು. ಮಳೆಗಾಲ ಮುಗಿಯುವಷ್ಟರಲ್ಲಿ ಒಂದೊಂದು ತೂತೂ ಊಟದ ತಟ್ಟೆಯಗಲದ ಗುಂಡಿಯಾಗಿತ್ತು. ಈಗ ಶಾಮಿಯಾನದ ಕಂಬಗಳಿಗೆಂದು ಅಂಚಿನಲ್ಲಿ ಕಾಂಕ್ರೀಟಿನೊಳಗೆ ಕೊಕ್ಕೆಗಳನ್ನು ಕೂರಿಸಿದ್ದೇವೆ.

ಇನ್ನೊಂದು ಸಂಗತಿ ಡೀಸೆಲ್. ಜನರೇಟರ್ ನಿಲ್ಲಿಸುತ್ತಿದ್ದ ಮೂಲೆಯಲ್ಲಿ ತೊಟ್ಟಿಕ್ಕಿದ ಡೀಸೆಲ್ಲಿಗೆ ಡಾಂಬರು ಕರಗಿ, ಕಲ್ಲುಗಳು ಕೈಯಲ್ಲಿ ಆರಿಸುವಂತೆ ಎದ್ದುಬಂದವು. ಡಾಂಬರೂ ಡೀಸೆಲ್ಲೂ ಒಂದೇ ಕಚ್ಚಾ ತೈಲದಿಂದ ಬಂದವಾದ್ದರಿಂದ ಅವೆರಡಕ್ಕೂ ಬೇಗ ಕೂಡಿಬರುತ್ತದೆ. ನಿಮ್ಮಲ್ಲಿ ಟಿಲ್ಲರ್ ಅಥವಾ ಔಷಧಿ ಹೊಡೆಯುವ ಪಂಪು ನಿಲ್ಲಿಸುವ ಜಾಗವಿದ್ದರೆ ಅಷ್ಟಕ್ಕೆ ಕಾಂಕ್ರೀಟ್ ಮಾಡಿಸಿಕೊಳ್ಳಿ.

ಮರುಪ್ರಶ್ನೆ: ತೋಟದಮನೆ

ಇಬ್ಬರಿಗೂ ಧನ್ಯವಾದ. ನಿನ್ನೆ ಸಂಜೆ ಆ ಕೆಲಸ ನಡೆಯುವಲ್ಲಿಗೆ ಹೋಗಿ ನಿಂತಿದ್ದೆ. ಕೊನೆಯ ಟಿಪ್ಪರಿನಲ್ಲಿ ಉಳಿದಿದ್ದ ಮಾಲು ಸಲಿಕೆಯಿಂದ ಹೆಂಟೆ ಹೆಂಟೆಯಾಗಿ ಬೀಳುತ್ತಿತ್ತು, ಹೊಗೆಯೂ ಇರಲಿಲ್ಲ. ಅಂಥದ್ದನ್ನು ಹಾಕಿದರೆ ಕೂಡಿಕೊಳ್ಳುತ್ತದೆಯೇ? ಅಲ್ಲದೆ ನಮ್ಮ ದಾರಿಗೆ ಎಷ್ಟು ಮಾಲು ಬೇಕು ಎಂಬ ಅಂದಾಜು ನಮಗೇ ಇಲ್ಲದಿದ್ದರೆ ಬಿಲ್ಲನ್ನು ಪರಿಶೀಲಿಸುವುದಾದರೂ ಹೇಗೆ?

ಉತ್ತರ: ರಸ್ತೆ ಕೆಲಸದಲ್ಲಿದ್ದವನು, ಸಾಗರ

ಕೂಡಿಕೊಳ್ಳುವುದಿಲ್ಲ. ಸಾಮಾನ್ಯವಾಗಿ ಬಳಸುವ ವಿಜಿ-30 ದರ್ಜೆಯ ಡಾಂಬರಿನ ಮಾಲು ಹಾಸುವಾಗ ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. 90 ಡಿಗ್ರಿಗೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿದಿರಬೇಕು. ತೆಳುವಾದ ಪದರ ನೀವು ಎಣಿಸಿದ್ದಕ್ಕಿಂತ ಬೇಗ ಆರುತ್ತದೆ. ಹೆಂಟೆಗಟ್ಟಿದ ಮಾಲಿಗೆ ಎಷ್ಟು ರೋಲರ್ ಹೊಡೆದರೂ ಸಂದುಗಳು ಮುಚ್ಚುವುದಿಲ್ಲ. ಅದಿರಲಿ, ಆ ಮಾಲು ಸಾರ್ವಜನಿಕ ರಸ್ತೆಯ ಲೆಕ್ಕದ್ದಾಗಿದ್ದರೆ ಅದನ್ನು ಕೊಳ್ಳುವುದೇ ತಪ್ಪು. ಮುಂದೆ ತಕರಾರು ಬಂದರೆ ನಿಮ್ಮ ಹೆಸರನ್ನೂ ಎಳೆದಾಡುತ್ತಾರೆ. ಬಿಸಿ ಮಾಲು ತಯಾರಿಸುವ ಹಾಟ್ ಮಿಕ್ಸ್ ಪ್ಲಾಂಟಿನವರು ನಿಮ್ಮೊಬ್ಬರ ಸಣ್ಣ ಕೆಲಸಕ್ಕೆ ಒಪ್ಪದಿದ್ದರೆ, ನೆರೆಮನೆಯವರ ದಾರಿಯನ್ನೂ ಸೇರಿಸಿಕೊಂಡು ನಿಮ್ಮ ಹೆಸರಿನಲ್ಲೇ ಬಿಲ್ಲು ಮಾಡಿಸಿ.

ಲೆಕ್ಕ ಸುಲಭವಿದೆ. ಒತ್ತಿದ ಮಾಲು ಒಂದು ಘನ ಮೀಟರಿಗೆ ಸುಮಾರು 2.3 ಟನ್ ತೂಗುತ್ತದೆ. ನಿಮ್ಮ 50 ಮೀಟರ್ ಉದ್ದ, 3 ಮೀಟರ್ ಅಗಲಕ್ಕೆ 30 ಮಿಲಿಮೀಟರ್ ದಪ್ಪ ಹಿಡಿದರೆ ನಾಲ್ಕೂವರೆ ಘನ ಮೀಟರ್, ಎಂದರೆ ಹತ್ತು ಟನ್ನಿಗೆ ಸ್ವಲ್ಪ ಮೇಲೆ. ವೇಬ್ರಿಡ್ಜಿನ ಚೀಟಿ ಕೇಳಿ ಪಡೆಯಿರಿ. ಏಳು ಟನ್ನಿನ ಚೀಟಿ ಬಂದರೆ ದಪ್ಪ ಎಷ್ಟು ಬಿದ್ದಿದೆ ಎಂದು ಅಳೆಯುವ ಅಗತ್ಯವೇ ಇಲ್ಲ. ಕೆಲಸದವರು ರೋಲರಿನ ಉರುಳೆಗೆ ಮಾಲು ಅಂಟದಿರಲೆಂದು ಡೀಸೆಲ್ ಬಟ್ಟೆ ಸವರುವುದುಂಟು. ಮಂಟಪದವರು ಹೇಳಿದ ಕಾರಣಕ್ಕೇ ಅದನ್ನು ತಡೆಯಿರಿ, ನೀರು ಸಾಕು.

ಕೊನೆಗೆ ಒಂದು ಸಲಹೆ. ನನ್ನ ಮನೆಯ ದಾರಿಯಾಗಿದ್ದರೆ ನಾನು ಈ ಬೇಸಿಗೆಯಲ್ಲಿ ಕಾಲುವೆ, ಜಲ್ಲಿ ಮತ್ತು ಇಳಿಜಾರಿನ ಕಾಂಕ್ರೀಟಿಗೆ ನಿಲ್ಲಿಸಿ, ಡಾಂಬರನ್ನು ಡಿಸೆಂಬರಿಗೆ ಮುಂದೂಡುತ್ತಿದ್ದೆ. ಒತ್ತಿದ ಜಲ್ಲಿಯ ಮೇಲೆ ತಂದೆಯವರನ್ನು ಕಾರಿನಲ್ಲಿ ಅಂಗಳದವರೆಗೆ ಕರೆತರುವುದಕ್ಕೆ ತೊಂದರೆಯಿಲ್ಲ. ಮೇಲಿನ ಪುಡಿ ಸ್ವಲ್ಪ ತೊಳೆದುಹೋಗುತ್ತದೆ, ಅದನ್ನು ತುಂಬಿಕೊಂಡರಾಯಿತು. ಒಂದು ಮಳೆಗಾಲ ಅದರ ಮೇಲೆ ಹಾದುಹೋದರೆ ಎಲ್ಲಿ ತಗ್ಗಿತು, ಎಲ್ಲಿ ಜಲ ಎದ್ದಿತು ಎಂಬುದು ತಾನಾಗಿ ತೋರುತ್ತದೆ. ಅಷ್ಟನ್ನು ಮಾತ್ರ ಅಗೆದು ಸರಿಪಡಿಸಬಹುದು. ಜುಲೈಯಲ್ಲಿ ಜಲ ಕಂಡ ಕಡೆಗಳಿಗೆ ಆಗಲೇ ಗೂಟ ಹೊಡೆದಿಡಿ, ಬೇಸಿಗೆಗೆ ಅವು ನೆನಪಿರುವುದಿಲ್ಲ. ಗೂಟವನ್ನು ಜಲ್ಲಿಯ ಮೇಲೆ ಹೊಡೆಯದೆ ಅಂಚಿನ ಆಚೆ ಹೊಡೆಯಿರಿ.