ಸಹಾಯ ಬೇಕು: ಹತ್ತನೇ ಕ್ಲಾಸಿನ ಮಗಳಿಗೆ ಶಾಲೆಯ ಭಯ (ಸಿಂಧನೂರು)

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಮಗಳು ಯೂನಿಫಾರ್ಮ್ ಹಾಕಿಕೊಂಡ ಕೂಡಲೇ ಹೊಟ್ಟೆನೋವು ಅನ್ನುತ್ತಾಳೆ. ಭಾನುವಾರ ಮಾತ್ರ ನೋವಿಲ್ಲ. ಸ್ಕ್ಯಾನಿಂಗ್ ಕೂಡ ಮಾಡಿಸಿದೆವು, ಏನೂ ಇಲ್ಲ. ಸುಮ್ನೆ ನೆಪ ಅಂದುಕೊಂಡು ನಾನೇ ಗದರಿಸಿದೆ. ತಪ್ಪು ಮಾಡಿದೆ.

ಮೊನ್ನೆ ಅವಳ ಗಣಿತದ ನೋಟ್‌ಬುಕ್ ತೆರೆದೆ. ಒಂದೇ ಲೆಕ್ಕ ಒಂಬತ್ತು ಸಲ ಬರೆದು ಹೊಡೆದು ಹಾಕಿದ್ದಾಳೆ. ಪೆನ್ನಿನ ಒತ್ತಿಗೆ ಹಾಳೆಯೇ ಹರಿದಿದೆ. ಡಬ್ಬಿಯಲ್ಲಿ ರೊಟ್ಟಿ ಕಟ್ಟಿದ ಹಾಗೇ ವಾಪಸ್ ಬರುತ್ತದೆ. ಕ್ಲಾಸಿನಲ್ಲಿ ಟೆಸ್ಟಿನ ಅಂಕ ಜೋರಾಗಿ ಓದಿ, ಕಡಿಮೆ ಬಂದವರನ್ನು ಎಲ್ಲರೆದುರು ನಿಲ್ಲಿಸುತ್ತಾರಂತೆ. ಈಗ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಒಂದು ಹೋದರೆ ಇನ್ನೊಂದು ಅಂತ ಧೈರ್ಯ ಹೇಳಿದೆ. "ಪ್ರತಿ ಸಲವೂ ನಿಲ್ಲಿಸ್ತಾರಾ?" ಅಂತ ಕೇಳಿದಳು.

ಅವಳ ಅಜ್ಜಿ ದೃಷ್ಟಿಯಾಗಿದೆ, ತಾಯತ ಕಟ್ಟಿಸು ಅನ್ನುತ್ತಾರೆ. ನಾನು 14416ಕ್ಕೆ, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿದೆ. ಉಚಿತ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ಹತ್ತಿರದ ಮನೋವೈದ್ಯರಿಗೆ ಒಮ್ಮೆ ತೋರಿಸಿ ಅಂದರು.

ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರು ಇದ್ದೀರಾ? ಯಾವ ದಿನ ಗದ್ದಲ ಕಡಿಮೆ? ಸಿಂಧನೂರು ಅಥವಾ ಗಂಗಾವತಿಯಲ್ಲಿ ಮಹಿಳಾ ಆಪ್ತಸಮಾಲೋಚಕರು ಯಾರಾದರೂ ಗೊತ್ತಾ? ಅವಳು ಗಂಡಸರೆದುರು ಬಾಯಿ ಬಿಡುವುದಿಲ್ಲ.

ಇನ್ನೊಂದು, ಇದೇ ಜಾಸ್ತಿ ಚಿಂತೆ. ಹೆಡ್‌ಮಾಸ್ಟರ್ ಹತ್ತಿರ ಹೇಗೆ ಮಾತಾಡಲಿ? ನಾನು ದೂರು ಕೊಟ್ಟೆ ಅಂತ ಅವಳ ಮೇಲೆ ಸಿಟ್ಟು ತೀರಿಸಿಕೊಳ್ಳಬಾರದು ಅಲ್ವಾ? ಶಿಕ್ಷಕರು ಇದ್ದರೆ ದಯವಿಟ್ಟು ಹೇಳಿ. ಸೋಮವಾರ ಮತ್ತೆ ಟೆಸ್ಟ್ ಇದೆ.