ಓಟದ ಶೂ ಕ್ಲಿಫ್ಟನ್ 9 ಸವೆದಿದೆ: ಅದರದ್ದೇ 10 ಕೊಳ್ಳಲೇ, ಕಯಾನೊಗೆ ಹೋಗಲೇ?

ಕದ್ರಿ ದಾರಿ (ಮಂಗಳೂರು):

ನನಗೆ 44 ವರ್ಷ, ತೂಕ 81 ಕಿಲೊ. ವಾರಕ್ಕೆ ನಾಲ್ಕು ದಿನ, ಒಟ್ಟು ಸುಮಾರು 35 ಕಿ.ಮೀ. ಓಡುತ್ತೇನೆ. ಕದ್ರಿ ಪಾರ್ಕಿನಿಂದ ಹೊರಟು ಬಿಜೈ, ಲಾಲ್‌ಬಾಗ್, ಮಣ್ಣಗುಡ್ಡೆಯ ಮೂಲಕ ಹಿಂದಿರುಗುವುದು ನನ್ನ ರೂಢಿ. ದಾರಿಯ ಬಹುಪಾಲು ಕಾಂಕ್ರೀಟ್ ರಸ್ತೆಯಾಗಿದ್ದು, ಏರಿಳಿತಕ್ಕೂ ಕೊರತೆಯಿಲ್ಲ. ಭಾನುವಾರ ಮಾತ್ರ ಪಣಂಬೂರು ಕಡಲತೀರಕ್ಕೆ ಹೋಗುತ್ತೇನೆ. ಇದುವರೆಗೆ ಬಳಸುತ್ತಿದ್ದ ಹೋಕಾ ಕ್ಲಿಫ್ಟನ್ 9 ಈಗ 700 ಕಿ.ಮೀ. ದಾಟಿದೆ, ಎರಡೂ ಹಿಮ್ಮಡಿಗಳ ಹೊರ ಅಂಚು ಸವೆದಿದೆ.

ಅಂಗಡಿಯೊಂದರಲ್ಲಿ ಒದ್ದೆ ಪಾದದ ಗುರುತು ನೋಡಿ, ನನ್ನದು ಚಪ್ಪಟೆ ಪಾದವೆಂದೂ, ಪಾದ ಒಳಕ್ಕೆ ವಾಲುವುದರಿಂದ ಏಸಿಕ್ಸ್ ಜೆಲ್-ಕಯಾನೊದಂತಹ ಆಧಾರ ಕೊಡುವ ಶೂ ಇಲ್ಲದೆ ಓಡಲೇಬಾರದೆಂದೂ ಹೇಳಿದರು. ಜೊತೆಗೆ ಅರ್ಧ ಮ್ಯಾರಥಾನಿಗೆಂದು ಅಡಿಯ ಫೋಮಿನೊಳಗೆ ಗಟ್ಟಿಯಾದ ಕಾರ್ಬನ್ ಪ್ಲೇಟ್ ಇರುವ ಜೋಡಿಯೊಂದನ್ನೂ ತೋರಿಸಿದರು. ನನ್ನ ಗುರಿ 2 ಗಂಟೆ 10 ನಿಮಿಷ ಅಷ್ಟೆ. ಈ ಮೂರು ವರ್ಷಗಳಲ್ಲಿ ಮೊಣಕಾಲಾಗಲಿ ಪಾದವಾಗಲಿ ನೋಯ್ದದ್ದಿಲ್ಲ. ಬಲಗಾಲಿನ ಕಿರುಬೆರಳು ಮಾತ್ರ ಶೂಗೆ ಉಜ್ಜುತ್ತದೆ. ಕ್ಲಿಫ್ಟನ್ 10 ಕೊಂಡರೆ ಹಳೆಯದರಂತೆಯೇ ಇರುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಎಂಡ್ ಪಾಯಿಂಟ್ (ಮಣಿಪಾಲ):

ಹಳೆಯದರಂತೆ ಇರುವುದಿಲ್ಲ. ಹೆಸರು ಒಂದೇ ಆದರೂ ಸಂಖ್ಯೆ ಬದಲಾದಾಗ ಶೂ ಕೂಡ ಬದಲಾಗಿರಬಹುದು. ಹಿಮ್ಮಡಿಯ ಅಡಿಯ ದಪ್ಪಕ್ಕೂ ಮುಂಗಾಲಿನ ಅಡಿಯ ದಪ್ಪಕ್ಕೂ ಇರುವ ವ್ಯತ್ಯಾಸವನ್ನು ಡ್ರಾಪ್ ಎನ್ನುತ್ತಾರೆ. ಕ್ಲಿಫ್ಟನ್ 9ರಲ್ಲಿ ಅದು 5 ಮಿ.ಮೀ. ಇತ್ತು, 2025ರಲ್ಲಿ ಬಂದ ಕ್ಲಿಫ್ಟನ್ 10ರಲ್ಲಿ 8 ಮಿ.ಮೀ. ಆಗಿದೆ. ಬ್ರೂಕ್ಸ್ ಘೋಸ್ಟ್ ಇದಕ್ಕೆ ಎದುರು ದಿಕ್ಕಿನಲ್ಲಿ ಸಾಗಿ, 16ರಲ್ಲಿದ್ದ 12 ಮಿ.ಮೀ.ಯಿಂದ 17ರಲ್ಲಿ 10ಕ್ಕೆ ಇಳಿಯಿತು. 1983ರಿಂದ ಬರುತ್ತಿರುವ ನೈಕಿ ಪೆಗಸಸ್ ಈ ವಿಷಯದಲ್ಲಿ ಅಷ್ಟಾಗಿ ಕದಲುವುದಿಲ್ಲ: 41ರಲ್ಲಿ ಫೋಮ್ ರಿಯಾಕ್ಟ್‌ಎಕ್ಸ್‌ಗೆ ಬದಲಾದರೂ ಡ್ರಾಪ್ 10 ಮಿ.ಮೀ.ಯಲ್ಲೇ ನಿಂತಿದೆ.

ಮೂರು ಮಿಲಿಮೀಟರಿನಿಂದ ಏನಾದೀತು ಎನ್ನಿಸಬಹುದು. ಡ್ರಾಪ್ ಕಡಿಮೆಯಾದಷ್ಟೂ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜುವಿನ ಮೇಲೆ ಭಾರ ಹೆಚ್ಚುತ್ತದೆ. ಡ್ರಾಪ್ ಹೆಚ್ಚಿದರೆ ಆ ಭಾರದ ಒಂದು ಪಾಲು ಮೊಣಕಾಲಿನ ಕಡೆಗೆ ಸರಿಯುತ್ತದೆ. ನಾನು ಒಮ್ಮೆ ಜಾಣತನ ತೋರಲು ಹೋಗಿ, 10 ಮಿ.ಮೀ. ಶೂ ಬಿಟ್ಟು ಒಂದೇ ವಾರದಲ್ಲಿ ಡ್ರಾಪ್ ಶೂನ್ಯವಿರುವ ಆಲ್ಟ್ರಾಕ್ಕೆ ಜಿಗಿದೆ, ಆಮೇಲೆ ಆರು ವಾರ ಮಣಿಪಾಲದ ಏರಿನಲ್ಲಿ ನಡೆಯುವುದೂ ಕಷ್ಟವಾಯಿತು. ನಿಮ್ಮ ಬದಲಾವಣೆ ಅಷ್ಟು ದೊಡ್ಡದಲ್ಲ. ಹಳೆಯ ಜೋಡಿಯನ್ನು ಎಸೆಯದೆ, ಮೊದಲ ಎರಡು ಮೂರು ವಾರ ಚಿಕ್ಕ ಓಟಗಳಿಗೆ ಮಾತ್ರ ಹೊಸದನ್ನು ಬಳಸಿದರೆ ಸಾಕು.

ಅಜ್ಜರಕಾಡು (ಉಡುಪಿ):

ನಾನು ಫಿಸಿಯೋಥೆರಪಿ ವೃತ್ತಿಯಲ್ಲಿದ್ದೇನೆ. ಪಾದವನ್ನು ಕಣ್ಣಾರೆ ನೋಡದೆ ನಿರ್ಣಯ ಹೇಳಲಾರೆ. ಆದರೆ ನೋವೇ ಇಲ್ಲದವರಿಗೆ 'ಇದಿಲ್ಲದೆ ಓಡಲೇಬಾರದು' ಎಂದು ಹೇಳಿದ್ದನ್ನು ಒಪ್ಪಲಾಗದು. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರಿಗೆ ಒಂದೇ ಬಗೆಯ ಸಾಮಾನ್ಯ ಶೂ ಕೊಟ್ಟು ಒಂದು ವರ್ಷ ಗಮನಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪಾದ ಸಾಧಾರಣ ಪ್ರಮಾಣದಲ್ಲಿ ಒಳಕ್ಕೆ ವಾಲುವವರಿಗೆ ಹೆಚ್ಚು ಗಾಯಗಳಾಗುತ್ತವೆ ಎಂಬ ನಂಬಿಕೆಗೆ ಅದರಲ್ಲಿ ಬೆಂಬಲ ಸಿಗಲಿಲ್ಲ. ಒದ್ದೆ ಪಾದದ ಗುರುತು ನಿಂತ ಪಾದದ ಆಕಾರವನ್ನು ತೋರಿಸುತ್ತದೆಯೇ ಹೊರತು, ಓಡುವಾಗ ಕಾಲು ಏನು ಮಾಡುತ್ತದೆ ಎಂಬುದನ್ನಲ್ಲ. ಹಿಮ್ಮಡಿಯ ಹೊರ ಅಂಚು ಸವೆಯುವುದೂ ಹಿಮ್ಮಡಿಯೂರಿ ಓಡುವ ಬಹುಮಂದಿಯಲ್ಲಿ ಸಹಜ.

ಕಯಾನೊ ಕೆಟ್ಟ ಶೂ ಎಂದು ನಾನು ಹೇಳುತ್ತಿಲ್ಲ. 1993ರಲ್ಲಿ ಆರಂಭವಾದ ಆ ಸರಣಿಯಲ್ಲಿ, ಒಳಬದಿಗೆ ಗಟ್ಟಿಯಾದ ಫೋಮ್ ಇಟ್ಟು ಪಾದವನ್ನು ತಡೆಯುವ ಹಳೆಯ ಕ್ರಮವನ್ನು 2023ರ ಕಯಾನೊ 30ರಲ್ಲಿಯೇ ಕೈಬಿಟ್ಟು, ಅಗಲವಾದ ತಳ ಮತ್ತು ಕಮಾನಿನ ಅಡಿಯ ಮೆತ್ತನೆಯ ಆಧಾರವನ್ನು ತಂದರು. ಆಧಾರ ಕೊಡುವ ಇನ್ನೊಂದು ಶೂ ಆದ ಬ್ರೂಕ್ಸ್ ಅಡ್ರಿನಲಿನ್ ಜಿಟಿಎಸ್‌ನಲ್ಲಿ ಹಿಮ್ಮಡಿಯ ಇಕ್ಕೆಲಗಳಲ್ಲಿ ಗೈಡ್‌ರೇಲ್ ಎಂಬ ಅಂಚುಗಳಿರುತ್ತವೆ. ಧರಿಸಿ ಓಡಿದಾಗ ಹಿತವೆನಿಸಿದರೆ ಕೊಳ್ಳಿ, ಹೆದರಿ ಕೊಳ್ಳಬೇಡಿ. ನಿಮ್ಮ ನಿಜವಾದ ತೊಂದರೆ ಆ ಕಿರುಬೆರಳು. ಉದ್ದದಲ್ಲಿ ಒಂದು ಅಳತೆ ಹೆಚ್ಚಿಸುವ ಬದಲು, ಅದೇ ಅಳತೆಯಲ್ಲಿ 2ಇ ಎಂದು ನಮೂದಿಸಿರುವ ಅಗಲದ ಜೋಡಿಯನ್ನು ಕೇಳಿ ನೋಡಿ.

ಸುರತ್ಕಲ್ ಮಳೆ:

ಮಳೆಗಾಲದ ಮಾತನ್ನು ಯಾರೂ ಎತ್ತಲಿಲ್ಲವಲ್ಲ! ಆಟಿ ತಿಂಗಳಲ್ಲಿ ಇಂಟರ್‌ಲಾಕ್ ಹಾಸಿದ ಕಾಲುದಾರಿಯ ಮೇಲಿನ ಪಾಚಿಗೆ ಯಾವ ಶೂವಿನ ಸೋಲೂ (ತಳವೂ) ನಿಲ್ಲುವುದಿಲ್ಲ, ಅಲ್ಲಿ ನಡೆದೇ ದಾಟಬೇಕು. ಒದ್ದೆ ಕಾಂಕ್ರೀಟಿನಲ್ಲಿ ಮಾತ್ರ ಸೋಲಿನ ರಬ್ಬರ್ ಲೆಕ್ಕಕ್ಕೆ ಬರುತ್ತದೆ. ಪ್ಯೂಮಾಗ್ರಿಪ್ ರಬ್ಬರ್ ಇರುವ ಪ್ಯೂಮಾ ವೆಲಾಸಿಟಿ ನೈಟ್ರೊ 3 ನನಗೆ ಒಗ್ಗಿದೆ. ತಳದಲ್ಲಿ ಬರಿಯ ಫೋಮ್ ಹೆಚ್ಚಾಗಿ ಕಾಣುವ ಶೂಗಳಲ್ಲಿ ಇಳಿಜಾರಿಗೆ ಕಾಲಿಡಲು ಧೈರ್ಯ ಬರುವುದಿಲ್ಲ.

ನೀರು ತಡೆಯುವ ಗೋರ್-ಟೆಕ್ಸ್ ಪದರದ ಮಾದರಿಗಳಿಗೆ ಮರುಳಾಗಬೇಡಿ. ನಮ್ಮ ಊರಿನ ಮಳೆಯಲ್ಲಿ ನೀರು ಕಣಕಾಲಿನ ಕಡೆಯಿಂದ ಇಳಿದು, ಹೊರಹೋಗಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತದೆ. ತೆಳುವಾದ ಜಾಲರಿ ಬಟ್ಟೆಯ ಶೂ ಕೊಂಡು, ಓಟ ಮುಗಿದ ಮೇಲೆ ಇನ್‌ಸೋಲ್ ತೆಗೆದು, ಹಳೆಯ ದಿನಪತ್ರಿಕೆ ತುರುಕಿ ಫ್ಯಾನಿನ ಕೆಳಗಿಡಿ. ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ. ಪಣಂಬೂರಿನಿಂದ ಬಂದ ದಿನ ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆಯುವುದು ಒಳ್ಳೆಯದು.

ಮಂಗಳಾ ಟ್ರ್ಯಾಕ್:

ಕಾರ್ಬನ್ ಪ್ಲೇಟಿನ ಬಗ್ಗೆ ಎರಡು ಮಾತು. 2017ರಲ್ಲಿ ಮಾರುಕಟ್ಟೆಗೆ ಬಂದ, ಕಾರ್ಬನ್ ಪ್ಲೇಟಿನ ನೈಕಿ ವೇಪರ್‌ಫ್ಲೈಗೆ ಕೀರ್ತಿ ತಂದ ಶೇ. 4ರ ಶಕ್ತಿಯ ಉಳಿತಾಯವನ್ನು ಅಳೆದದ್ದು ಗಂಟೆಗೆ 14ರಿಂದ 18 ಕಿ.ಮೀ. ವೇಗದಲ್ಲಿ. ನಿಮ್ಮ ಗುರಿ ಗಂಟೆಗೆ 10 ಕಿ.ಮೀ.ಗಿಂತಲೂ ತುಸು ಕಡಿಮೆ. ಆ ವೇಗದಲ್ಲಿ ನಡೆದ ಮತ್ತೊಂದು ಪರೀಕ್ಷೆಯಲ್ಲಿ ಸರಾಸರಿ ಲಾಭ ಶೇ. 1ರ ಆಸುಪಾಸಿಗೆ ಇಳಿದಿತ್ತು, ಕೆಲವರಿಗಂತೂ ನಷ್ಟವೇ ಆಗಿತ್ತು. ಇಥಿಯೋಪಿಯಾದ ಓಟಗಾರ್ತಿ ಟಿಗಿಸ್ಟ್ ಅಸೆಫಾ 2023ರಲ್ಲಿ ಬರ್ಲಿನ್ ಮ್ಯಾರಥಾನನ್ನು 2:11:53ರಲ್ಲಿ ಓಡಿದಾಗ ಧರಿಸಿದ್ದ ಅಡಿಡಾಸ್ ಶೂವಿನ ತೂಕ 138 ಗ್ರಾಂ. ಅಂಥವು ನಮ್ಮ ನಿತ್ಯದ ಓಟಕ್ಕಾಗಿ ಹುಟ್ಟಿದವಲ್ಲ. ವೇಗದ ದಿನಗಳಿಗೆ ಬೇರೆ ಜೋಡಿ ಬೇಕೇಬೇಕೆಂದರೆ ಪ್ಲೇಟ್ ಇಲ್ಲದ ಅಡಿಜೀರೊ ಇವೊ ಎಸ್‌ಎಲ್ ಅಥವಾ ನೈಲಾನ್ ಪ್ಲೇಟ್ ಇರುವ ಸಾಕನಿ ಎಂಡಾರ್ಫಿನ್ ಸ್ಪೀಡ್ ನೋಡಬಹುದು.

ಕದ್ರಿ ದಾರಿ:

ಎಲ್ಲರಿಗೂ ಧನ್ಯವಾದಗಳು. ಕಾರ್ಬನ್ ಜೋಡಿಯ ಯೋಚನೆಯನ್ನು ಬಿಟ್ಟೆ. ಶನಿವಾರ ಸಂಜೆ ಓಡಲು ಬಳಸುವ ಸಾಕ್ಸ್ ತೆಗೆದುಕೊಂಡೇ ಬೇರೆ ಅಂಗಡಿಗೆ ಹೋಗಿ ಕ್ಲಿಫ್ಟನ್ 10 ಮತ್ತು ಕಯಾನೊ ಎರಡನ್ನೂ 2ಇ ಅಗಲದಲ್ಲಿ ಕೇಳುತ್ತೇನೆ. ಅಗಲದ್ದು ಸಿಗದಿದ್ದರೆ ಕಿರುಬೆರಳಿನ ಕಡೆಯ ಲೇಸನ್ನು ಒಂದು ತೂತು ಬಿಟ್ಟು ಕಟ್ಟಿದರೆ ಪ್ರಯೋಜನವಿದೆಯೇ?

ಅಜ್ಜರಕಾಡು (ಉಡುಪಿ):

ಸ್ವಲ್ಪ ಸಡಿಲವಾಗುತ್ತದೆ. ಆದರೆ ಬೆರಳು ತಾಗುವುದು ಬಟ್ಟೆಗಲ್ಲದೆ ಸೋಲಿನ ಅಂಚಿಗೇ ಆದರೆ ಲೇಸಿನಿಂದ ಸರಿಹೋಗದು. ಇನ್‌ಸೋಲ್ ಹೊರತೆಗೆದು ಅದರ ಮೇಲೆ ನಿಂತು ನೋಡಿ. ಕಿರುಬೆರಳು ಅಂಚಿನಿಂದಾಚೆ ಹೋದರೆ ಆ ಜೋಡಿಯನ್ನು ಅಲ್ಲಿಯೇ ಬಿಟ್ಟು ಬನ್ನಿ.